ವಿಶಾಲಕ್ಕನ ಇಲಿ ಪುಸ್ತಕಗಳು

ಇಲಿಗೆ ಸೀಗೆಕಾಯಿ ಹಾಕಿ ತೊಳೆದವರನ್ನು ಈ ಜನ್ಮದಲ್ಲಿ ನಾನು ಕಂಡದ್ದು ಒಬ್ಬರನ್ನೇ, ನಮ್ಮ ಬಂಗಾರಪೇಟೆ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದಿದ್ದ ವಿಶಾಲಕ್ಕ. ಹಿತ್ತಲ ಒಗೆಯುವ ಕಲ್ಲಿನ ಪಕ್ಕ ಕೂತು, ಒಂದು ಕೈಯಲ್ಲಿ ಇಲಿಯ ಕತ್ತಿನ ತೊಗಲು ಹಿಡಿದು ಇನ್ನೊಂದರಲ್ಲಿ ಉಜ್ಜುತ್ತಿದ್ದರು. ನಮ್ಮ ಅತ್ತೆ ಬಾಗಿಲಲ್ಲೇ ನಿಂತು, "ಏನಮ್ಮಿ, ಇಲಿಗೆ ಅಬ್ಬದ ಸ್ನಾನ ಮಾಡುಸ್ತಿದೀಯ. ನಿನ್ ತಲೆಗೆ ಎಣ್ಣೆ ಮಡಗಿ ಎಷ್ಟ್ ದಿನ ಆತು?" ಎಂದರು.

"ಧೂಳು ಮೆತ್ತಿದ್ರೆ ಓಗ್ಬೇಕಲ್ಲ ಅತ್ತೆಮ್ಮ, ನೋಡಾನ."

ಇಲಿಯ ಮಾಸಲು ಬಿಳಿ ಬಣ್ಣ ಹೋಗಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ವಿಶಾಲಕ್ಕ ಮಾಲೂರು ಕಡೆಯವರು, ಎಷ್ಟು ಓದಿದ್ದರೂ ಮಾತು ನಮ್ಮದೇ. ಬೆಂಗಳೂರಿನ ಒಬ್ಬ ಪ್ರೊಫೆಸರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದರು. ಬೆಳಗಿನ ರೈಲಿಗೆ ಕೆಜಿಎಫ್‌ಗೆ ಹೋಗಿ, ನಂದಿದುರ್ಗ ಗಣಿಯ ಬಳಿ, ಚಿನ್ನ ತೆಗೆದು ಉಳಿದ ಪುಡಿಮಣ್ಣು ಸುರಿದ ಬಿಳಿ ದಿಬ್ಬಗಳಲ್ಲಿ ಇಲಿ ಹಿಡಿಯುವರು. ಇಲಿಗೆ ಎಲಿ ಅನ್ನುವ ಕಾವಲಿನ ತಮಿಳರು 'ಎಲಿಯಮ್ಮಾ' ಎಂದು ಕೂಗಿದರೆ, "ಎಲಿನೂ ನಾನೇ, ಅಮ್ಮನೂ ನಾನೇ, ದಾರಿ ಬಿಡು" ಅನ್ನುವರು.

ದಿಬ್ಬದ ಇಲಿಗಳು ಮಾಸಲು ಬಿಳುಪು, ಕೆಳಗಿನ ರಾಗಿ ಹೊಲದವು ಕಂದು. ಧೂಳು ಮೆತ್ತಿದೆ ಅಷ್ಟೆ ಎಂದು ಪ್ರೊಫೆಸರು ನಕ್ಕಿದ್ದರಂತೆ. ಅಲ್ಲ, ಅದು ಅಪ್ಪ ಅಮ್ಮನಿಂದ ಬಂದ ಬಣ್ಣ. ಬಿಳಿ ಮಣ್ಣಿನಲ್ಲಿ ಕಂದು ಇಲಿ ಹದ್ದಿನ ಕಣ್ಣಿಗೆ ಬೀಳುತ್ತದೆ, ಬಿಳುಪಿನದು ಉಳಿದು ಮರಿ ಹಾಕುತ್ತದೆ ಎನ್ನುವುದು ವಿಶಾಲಕ್ಕನ ಹಟ. ಹಿಡಿದದ್ದಕ್ಕೆ ಗುರುತು ಮಾಡಿ ಬಿಟ್ಟು, ಮತ್ತೆ ಹಿಡಿದು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದರು. ಕೆಲವನ್ನು ನಮ್ಮ ಹಿತ್ತಲಲ್ಲಿ ಕೆಂಪು ಮಣ್ಣಿನ ಪೆಟ್ಟಿಗೆಗಳಲ್ಲಿ ಸಾಕಿದರು. ಬಿಳಿ ದಿಬ್ಬವನ್ನೇ ಕಾಣದೆ ಹುಟ್ಟಿದ ಮರಿಗಳೂ ಬಿಳುಪೇ. "ಗೌರಿ, ಮೊಮ್ಮಕ್ಳೂ ಬಿಳೇವೇ ಕಣೆ" ಎಂದು ಅಂದು ನನ್ನ ಅಡುಗೆಮನೆಯಲ್ಲಿ ಕೂತು ಎರಡು ಮುದ್ದೆ ಉಂಡರು. ಹೊಟ್ಟೆ ತುಂಬ ಉಂಡದ್ದನ್ನು ನಾನು ಕಂಡದ್ದು ಅವತ್ತೇ. ದೇವರು ದೊಡ್ಡವನು.

ಆಮೇಲೆ ಪ್ರೊಫೆಸರ ಕಾಗದ ಬಂತು. ಹೆಂಗಸು ದಿಬ್ಬ ಅಲೆದದ್ದು ಸಾಕು, ನೋಟ್‌ಬುಕ್ಕುಗಳನ್ನು ನನ್ನ ಶಿಷ್ಯನಿಗೆ ಕೊಡು, ಅವನು ತನ್ನ ಹೆಸರಿನಲ್ಲಿ ಬರೆದು ಅಚ್ಚಿಗೆ ಕಳಿಸುತ್ತಾನೆ ಎಂದಿತ್ತು. ವಿಶಾಲಕ್ಕ ಓದಿ ಹೇಳಿ, ಕಾಗದ ಮಡಿಸಿದರು. "ಇಲಿ ಕೈಲಿ ಕಚ್ಚಿಸ್ಕೊಂಡೋಳು ನಾನು. ಎಸ್ರು ಅವಂದಾ?"

ನವರಾತ್ರಿಯಲ್ಲಿ ಆ ಶಿಷ್ಯ ಬಂದೇಬಿಟ್ಟ. ವಿಶಾಲಕ್ಕ ದಿಬ್ಬದಲ್ಲಿದ್ದರು. ನನ್ನ ಯಜಮಾನರಿಗೆ ದೊಡ್ಡವರ ಕಾಗದ ಎಂದರೆ ಭಯ. "ಕೊಟ್ಟು ಕಳ್ಸೇ, ನಮಗ್ಯಾಕೆ" ಎಂದರು. ಆಗಲಿ ಎಂದು ಒಳಗೆ ಹೋದೆ. ವಿಶಾಲಕ್ಕನ ಕೋಣೆಯ ಒಂಬತ್ತು ನೋಟ್‌ಬುಕ್ಕನ್ನೂ ದೇವರ ಮನೆಗೆ ಹೊತ್ತು, ಸರಸ್ವತಿಯ ಮುಂದೆ ಜೋಡಿಸಿ, ಒಂದೊಂದಕ್ಕೂ ಕುಂಕುಮ ಇಟ್ಟು ಹೊರಗೆ ಬಂದೆ.

"ಇವತ್ತು ಸರಸ್ವತಿ ಪೂಜೆ. ಪುಸ್ತಕ ಎಲ್ಲಾ ಅಮ್ಮನೋರ ಮುಂದೆ ಅವೆ. ವಿಜಯದಶಮಿಗಂಟ ಯಾರೂ ಮುಟ್ಟಂಗಿಲ್ಲ."

"ಇಲಿ ಲೆಕ್ಕಕ್ಕೆ ಎಂಥಾ ಪೂಜೆ ರೀ?" ಎಂದ.

ಆ ಇಲಿ ಪುಸ್ತಕಗಳನ್ನು ಯಾವತ್ತೂ ಒಳಮನೆಯ ಹೊಸ್ತಿಲು ದಾಟಿ ಬರಲು ಬಿಡದಿದ್ದ ನಮ್ಮ ಅತ್ತೆ ಎದ್ದು ಬಂದರು. "ಇಲಿ ಯಾರ ವಾಹ್ನ ಅಂತ ನಿಮ್ ಕಾಲೇಜ್ನಾಗೆ ಯೇಳ್ಕೊಡ್ನಿಲ್ವೇನಪ್ಪ? ಕೂತ್ಕ, ಉಸ್ಲಿ ತಿಂದು ಓಗು."

ಉಸಲಿ ತಿಂದು, ಬರಿಗೈಯಲ್ಲಿ ಹೋದ.

ಸಂಜೆ ವಿಶಾಲಕ್ಕ ಬಂದವರೇ ನೋಟ್‌ಬುಕ್ಕಿಗೆ ಕೈ ಹಾಕಹೋದರು. ಅತ್ತೆ ತಡೆದರು. "ನೀನೂನೂವೆ ಮುಟ್ಟಂಗಿಲ್ಲ." ಎರಡು ದಿನ ದೇವರ ಮನೆಯ ಮುಂದೆ ಕೈಕಟ್ಟಿ ಕೂತಿದ್ದರು. ವಿಜಯದಶಮಿ ಬೆಳಿಗ್ಗೆ ಮಂಗಳಾರತಿ ಆಗುತ್ತಲೇ ಒಂಬತ್ತನ್ನೂ ಚೀಲಕ್ಕೆ ತುಂಬಿದರು. ಸ್ಟೇಷನ್ನಿಗೆ ನಾನೂ ಹೋದೆ.

"ಪ್ರೊಫೆಸರಿಗೆ ಏನಂತೀರಕ್ಕ?"

"ತೋರುಸ್ತೀನಿ, ಕೊಡಲ್ಲ. ಅವ್ರು ಬ್ಯಾಡ ಅಂದ್ರೆ ನಾನೇ ಬರ್ದು ಕಳುಸ್ತೀನಿ."

ಪ್ರೊಫೆಸರು ಅವರನ್ನು ಕೈಬಿಟ್ಟರು. ವಿಶಾಲಕ್ಕ ಎಲ್ಲೋ ದೂರದ ಊರಿನ ಹೆಣ್ಣುಮಕ್ಕಳ ಶಾಲೆಗೆ ಮೇಡಂ ಆಗಿ ಸೇರಿದರೆಂದು ಒಂದು ಕಾರ್ಡು ಬಂತು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಎರಡು ವರ್ಷವಾದ ಮೇಲೆ ಅಂಚೆಯಲ್ಲಿ ಇಂಗ್ಲಿಷಿನ ನಾಲ್ಕಾರು ಅಚ್ಚಿನ ಹಾಳೆ ಬಂದವು. ಯಜಮಾನರು ಕನ್ನಡಕ ಹಾಕಿಕೊಂಡು, ದಿಬ್ಬದ ಇಲಿಗಳ ವಿಚಾರ ಎಂದು ಓದತೊಡಗಿದರು. ಒಳಗಿನದು ಆಮೇಲೆ, ಬರೆದವರ ಹೆಸರು ಎಷ್ಟಿವೆ ಹೇಳಿ ಎಂದೆ.

"ಒಂದೇ. ವಿಶಾಲಾಕ್ಷಿ."

ಇನ್ನೊಂದು ಸಲ ಎಣಿಸಿ ಎಂದೆ.

"ಒಂದೇ ಕಣೆ" ಎಂದರು.