ಬುರುಲಕ್ಕನ ಜಾರುಗುಡ್ಡ

ಹಿಮದ ಮೇಲೆ ಜಾರುವುದು ದುಡ್ಡಿದ್ದವರ ಆಟ ಎಂದು ಬುರುಲಕ್ಕನ ಎದುರು ಯಾರಾದರೂ ಅಂದರೆ ಅವರ ಗ್ರಹಚಾರ ನೆಟ್ಟಗಿಲ್ಲ ಎಂದೇ ಅರ್ಥ. ಇಸ್ಸಿಕ್ ಕುಲ್ ಸರೋವರದ ಮೂಡಲಿಗಿರುವ ಚೋನ್‌ಬೆಲ್ ಹಳ್ಳಿಗೆ ಸೊಸೆಯಾಗಿ ಬಂದವಳು, ಇಪ್ಪತ್ತೆರಡು ಚಳಿಗಾಲ ಬೆಟ್ಟದ ಬುಡದಲ್ಲಿ ತೂಗುಕುರ್ಚಿ ಹಿಡಿದು ನಿಂತಳು. ತಂತಿಯ ಮೇಲೆ ತೇಲಿ ಬರುವ ಕುರ್ಚಿಯಲ್ಲಿ ಜನರನ್ನು ಕೂರಿಸಿ ಮೇಲಕ್ಕೆ ಕಳಿಸುವುದು ಅವಳ ಕೆಲಸ. ಭಾನುವಾರ ಊರವರು ಮಕ್ಕಳುಮರಿ ಕಟ್ಟಿಕೊಂಡು ಬಂದರೆ ಚೀಟಿ ಕೇಳುತ್ತಿರಲಿಲ್ಲ. ಸರಿಯಾಗಿ ಆ ಹೊತ್ತಿಗೇ ಅವಳ ಕಣ್ಣಿಗೆ ಹಿಮ ಬೀಳುತ್ತಿತ್ತು.

ಆಮೇಲೆ ಹೊಸ ಕಂಪನಿ ಬಂತು, ಗೇಟು ಬಂತು, ಕಾರ್ಡು ಬಂತು. ಒಂದು ಮನೆಯ ಐದು ಜನ ಒಂದು ದಿನ ಜಾರಬೇಕಾದರೆ ಕೊಬ್ಬಿದ ಕುರಿಯೊಂದನ್ನು ಮಾರಬೇಕು, ಬೂಟಿನ ಬಾಡಿಗೆ ಬೇರೆ. ಒಂದು ಭಾನುವಾರ ಊರಿನ ಬಡಗಿ ಮೂರು ಮಕ್ಕಳಲ್ಲಿ ಒಬ್ಬಳಿಗೆ ಮಾತ್ರ ಕಾರ್ಡು ಕೊಂಡು, ಉಳಿದಿಬ್ಬರನ್ನು ಬೇಲಿಯಾಚೆ ನಿಲ್ಲಿಸಿ ನೋಡಿಕೊಂಡಿರಿ ಅಂದ. ಬುರುಲಕ್ಕ ಕೈಗವಸು ಕಳಚಿ ಮೇಜಿನ ಮೇಲೆ ಎಸೆದು ಮನೆಗೆ ಬಂದಳು. ಸಂಬಳ ಅಂದಿಗೇ ಮುಗಿಯಿತು.

ಮುಂದಿನ ಭಾನುವಾರ ಗಂಡ ಸಾದಿರನ ಕುದುರೆಯ ಜೀನಿಗೆ ಉದ್ದನೆಯ ಹಗ್ಗ ಕಟ್ಟಿ ಊರಿನ ಹುಲ್ಲುಗಾವಲ ಗುಡ್ಡಕ್ಕೆ ನಡೆದಳು. ಊರೊಟ್ಟಿನ ಕೆಲಸಕ್ಕೆ ಕರೆದರೆ ಚೋನ್‌ಬೆಲ್‌ನಲ್ಲಿ ಯಾರೂ ಒಲ್ಲೆ ಅನ್ನುವುದಿಲ್ಲ. ಸಾಲಾಗಿ ನಿಂತು ಹಿಮ ತುಳಿದು ಗಟ್ಟಿ ಮಾಡಿದರು, ಹುಲ್ಲಟ್ಟದಿಂದ ಅಜ್ಜಂದಿರ ಕಾಲದ ಜಾರುಹಲಗೆಗಳು ಇಳಿದವು. ಹಗ್ಗ ಹಿಡಿದ ನಾಲ್ವರನ್ನು ಕುದುರೆ ಮೇಲಕ್ಕೆಳೆಯುತ್ತಿತ್ತು. ಪ್ರಾಯದಲ್ಲಿ ಅದು ಸವಾರರು ಸತ್ತ ಆಡನ್ನು ಕಸಿದಾಡುವ ಪಂದ್ಯದ ಕುದುರೆ. ಮೊದಲ ದಿನ ಜನರ ಕೂಗು ಕೇಳಿ ಪಂದ್ಯವೇ ಶುರುವಾಯಿತು ಅಂದುಕೊಂಡು ಅಂಗಡಿಯವನನ್ನು ಎಳೆದೊಯ್ದು ಬಣವೆಗೆ ನುಗ್ಗಿಸಿತು. ಕೂಗಿದವರಿಗೆ ಸರದಿ ಇಲ್ಲ ಎಂಬ ಕಾಯಿದೆ ಅಂದಿನಿಂದ ಬಂತು.

ಬಿಷ್ಕೆಕ್‌ನಿಂದ ಮೂರು ಮಕ್ಕಳೊಡನೆ ಬಂದ ಮೇಷ್ಟರೊಬ್ಬರು ಕಂಪನಿಯ ಗೇಟಿನ ದರ ಓದಿ, ತಿರುಗಿ ಇಲ್ಲಿಗೇ ಬಂದರು. ಅವರ ಹಿಂದೆ ಇನ್ನಷ್ಟು ಜನ ಬಂದರು. ಆಗ ಕಂಪನಿಗೆ ಬಿಸಿ ತಟ್ಟಿತು. ಅಲ್ಲಿನ ವ್ಯವಸ್ಥಾಪಕ ಎರ್ಮೆಕ್ ಇದೇ ಊರಿನವನು, ಬುರುಲಕ್ಕನ ಕೈ ಹಿಡಿದೇ ಜಾರಲು ಕಲಿತವನು. ಕಾಗದ ಹಿಡಿದು ಗುಡ್ಡಕ್ಕೆ ಬಂದ. ಕುದುರೆ ಬಿಚ್ಚಿ ಕೆಲಸಕ್ಕೆ ಮರಳಿದರೆ ಹಳೆಯ ಸಂಬಳ, ಜೊತೆಗೆ ಅವಳ ಮನೆತನದ ಮಕ್ಕಳಿಗೆಲ್ಲ ಜೀವಮಾನವಿಡೀ ಕಾರ್ಡು ಪುಕ್ಕಟೆ. ಸಹಿ ಹಾಕಿದರೆ ಸಾಕು.

ಬುರುಲಕ್ಕನ ಮನಸ್ಸು ಒಮ್ಮೆ ಹೊಯ್ದಾಡಿದ್ದು ಸುಳ್ಳಲ್ಲ. ಮೊಮ್ಮಗಳು ಐಜಿರೆಕ್‌ಗೆ ಒಂಬತ್ತು ವರ್ಷ. ಎತ್ತರದ ಬೆಟ್ಟದಿಂದ ಜಾರಬೇಕೆಂದು ಹಗಲಿರುಳು ಕನವರಿಸುವ ಹುಡುಗಿ ಪಕ್ಕದಲ್ಲೇ ನಿಂತು ಆ ಕಾಗದವನ್ನೇ ನುಂಗುವ ಹಾಗೆ ನೋಡುತ್ತಿದ್ದಳು.

"ಮನೆತನದ ಮಕ್ಕಳು ಅಂತ ಬರ್ದಿದೀಯ. ಯಾರ್ಯಾರು ಅಂತ ಗೊತ್ತಾಗ್ಬೇಕಲ್ಲ. ನಿನ್ನ ಏಳು ತಂದೆಯರ ಹೆಸರು ಹೇಳು, ನೋಡೋಣ" ಅಂದಳು ಬುರುಲಕ್ಕ.

ಏಳು ತಲೆಮಾರಿನ ಹೆಸರು ಬಾರದವನು ಗುಲಾಮನಿಗೆ ಸಮ ಎನ್ನುವ ಸೀಮೆ ಅದು. ಇಡೀ ಊರು ಕಿವಿಗೊಟ್ಟು ನಿಂತಿತ್ತು. ಎರ್ಮೆಕ್ ಅಪ್ಪನಿಂದ ಶುರುಮಾಡಿ ನಾಲ್ಕರವರೆಗೆ ಸರಾಗವಾಗಿ ಹೇಳಿ ಐದಕ್ಕೆ ತಡವರಿಸಿದ. ಕಿವಿ ಕೆಂಪಾಯಿತು.

"ಕಾಲ್ಬಾಯ್. ಆಮೇಲೆ ಬೋಸ್ತೋನ್" ಎಂದು ಐಜಿರೆಕ್ ಮೆಲ್ಲಗೆ ಹೇಳಿಕೊಟ್ಟಳು. "ನಿಮ್ಮೋರೂ ನಮ್ಮೋರೂ ಅಲ್ಲಿಂದ ಒಬ್ಬರೇ, ಚಿಕ್ಕಪ್ಪ."

"ಏಳನೆಯವನು ಶಿರ್ದಾಕ್" ಅಂದ ಎರ್ಮೆಕ್. ಹಿಂದಿನಿಂದ ಹತ್ತು ದನಿಗಳು ಅದೇ ಹೆಸರು ಹೇಳಿದವು.

"ಈ ಊರಲ್ಲಿ ಶಿರ್ದಾಕ್‌ನ ಕುಡಿ ಅಲ್ಲದ ಮಗು ಒಂದಾದ್ರೂ ಇದ್ಯೇನಪ್ಪಾ? ನೂರಾ ನಲವತ್ತು ಮಕ್ಕಳಿದಾರೆ. ಎಲ್ಲಾ ನನ್ನ ಮನೆತನಾನೇ. ಬರಿ, ಬಡಗಿ ಮಕ್ಕಳಿಂದ ಶುರು ಮಾಡು."

"ಅಕ್ಕ, ಅಷ್ಟು ಹೆಸರು ಬರೆದ್ರೆ ನನ್ನ ಕೆಲಸ ಹೋಗತ್ತೆ. ನಿಮ್ಮನೆ ನಾಲ್ಕು ಮಕ್ಕಳು ಅಷ್ಟೇ. ಸುಮ್ನೆ ತಗೊಳ್ಳಿ."

"ನಾಲ್ಕು ಮಕ್ಕಳು ಮೇಲೆ, ಮಿಕ್ಕೋರು ಬೇಲಿ ಹೊರಗೆ. ಅದನ್ನ ನೋಡ್ಲಾರದೇನೇ ನಾನು ಬಿಟ್ಟು ಬಂದಿದ್ದು" ಎಂದು ಬುರುಲಕ್ಕ ಕಾಗದವನ್ನು ಅವನ ಜೇಬಿಗೇ ತುರುಕಿದಳು. "ನಿನ್ನ ಯಜಮಾನರಿಗೆ ಹೇಳು, ಹಿಮ ಅವರಪ್ಪನ ಮನೆ ಗಂಟಲ್ಲ. ನಮ್ಮ ಕುದುರೆ ಸತ್ರೆ ಇನ್ನೊಂದು ಕಟ್ತೀವಿ. ಅದೂ ಸತ್ರೆ ನಡ್ಕೊಂಡೇ ಹತ್ತುತ್ತೀವಿ."

ಐಜಿರೆಕ್‌ಳ ಕಣ್ಣಲ್ಲಿ ನೀರು ತುಂಬಿತು. ಬುರುಲಕ್ಕ ಅದನ್ನು ಕಂಡಳು. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಂಡಿಯೂರಿ ಮೊಮ್ಮಗಳ ಬೂಟಿನ ದಾರ ಬಿಗಿಯತೊಡಗಿದಳು.

"ಅಜ್ಜೀ, ನನ್ನ ಸರದಿ ಎಷ್ಟನೇದು?" ಎಂದು ಹುಡುಗಿ ಮೂಗು ಒರೆಸಿಕೊಳ್ಳುತ್ತ ಕೇಳಿದಳು.

"ಕೊನೇದು. ಬಡಗಿ ಮಕ್ಕಳು ನಿನಗಿಂತ ಮುಂಚೆ ಬಂದ್ರು" ಅಂದಳು ಬುರುಲಕ್ಕ.

ಹುಡುಗಿ ಹೋಗಿ ಅವರ ಹಿಂದೆ ನಿಂತಳು.