ಅಳುವಿನ ಪಟ್ಟಿ
ಆಫೀಸಿನಲ್ಲಿ ಎಕ್ಸೆಲ್ ಕಲಿತವಳು ತಾಯಿಯಾದರೆ ಹೇಗಿರುತ್ತಾಳೆಂದು ತಿಳಿಯಬೇಕೇ? ನನ್ನನ್ನು ನೋಡಿ. ಒಗೆಯುವ ಬಟ್ಟೆಗೂ ನನ್ನ ಬಳಿ ಒತ್ತಿದರೆ ಬಿಚ್ಚಿಕೊಳ್ಳುವ ಡ್ರಾಪ್‌ಡೌನ್ ಪಟ್ಟಿಯಿದೆ, ಅದರ ಕೆಲಸವನ್ನು ತಾನೇ ಮಾಡಿ ಮುಗಿಸುವ ಮ್ಯಾಕ್ರೋ ಇದೆ. "ಮ್ಯಾಕ್ರೋ ಮಹಾರಾಣಿಯವರೇ, ಇವತ್ತು ಯಾವ ಅಂಗಿ ಹಾಕ್ಕೊಳ್ಳಲಿ? ಸ್ವಲ್ಪ ಪಟ್ಟಿ ಬಿಚ್ಚಿ" ಎಂದು ಗಂಡ ಕಾಲೆಳೆಯುತ್ತಾರೆ. ನಾಳೆಯಿಂದ ನಾನು ಮತ್ತೆ ಕೆಲಸಕ್ಕೆ ಹೋಗಬೇಕು. ಮಗುವನ್ನು ನೋಡಿಕೊಳ್ಳುವ ಅತ್ತೆಗಾಗಿ ಅಳುವಿನದೇ ಒಂದು ಹಾಳೆ ಮಾಡಿದ್ದೇನೆ. ಹಸಿವು, ನಿದ್ದೆ, ಒದ್ದೆ, ಹೊಟ್ಟೆನೋವು, ಇವುಗಳಲ್ಲಿ ಒಂದನ್ನು ಆರಿಸಿದರೆ ಸಾಕು, ಮ್ಯಾಕ್ರೋ ಪಕ್ಕದಲ್ಲೇ ಪರಿಹಾರ ತೋರಿಸುತ್ತದೆ. ಮೂರು ಮಕ್ಕಳನ್ನು ಸಾಕಿದವರಿಗೆ ಇದನ್ನು ಕಲಿಸಲು ನನಗೆ ನಾಚಿಕೆಯೂ ಆಗಲಿಲ್ಲ. ಅತ್ತೆ ಕನ್ನಡಕ ಏರಿಸಿ ಪಟ್ಟಿಯನ್ನು ಎರಡು ಸಲ ಓದಿದರು. "ಎಲ್ಲಾ ಸರಿ ಕಣಮ್ಮ, ಅಮ್ಮ ಬೇಕು ಅಂತ ಅತ್ರೆ ಯಾವುದನ್ನ ಒತ್ಲಿ?" ಆ ಸಾಲನ್ನೂ ಸೇರಿಸಿದೆ. ಪರಿಹಾರದ ಜಾಗದಲ್ಲಿ ಆಫೀಸಿನ ನನ್ನ ಮೇಜಿನ ಫೋನ್ ನಂಬರ್ ಬರೆದೆ.