ಅತ್ತೆ ಬಿಚ್ಚಿದ ಬೋಲ್ಟ್

ಸ್ಪ್ಯಾನರ್ ಮೂರನೇ ಸಲ ಜಾರಿ ನನ್ನ ಬೆರಳಿನ ಗೆಣ್ಣು ಎಂಜಿನ್ನಿಗೆ ಬಡಿಯಿತು. ಬೋಲ್ಟಿನ ಮೂಲೆಗಳು ಆಗಲೇ ಸವೆದಿದ್ದವು. ಇನ್ನೊಮ್ಮೆ ಜಾರಿದರೆ ಹಿಡಿತವೇ ಸಿಗುತ್ತಿರಲಿಲ್ಲ. ಅದನ್ನು ಬಿಚ್ಚದೆ ಹರಿದ ಬೆಲ್ಟ್ ಬದಲಿಸುವಂತಿರಲಿಲ್ಲ. ಚೆನ್ನೈನ ಬೆಸೆಂಟ್ ನಗರದ ಉಪ್ಪುಗಾಳಿಯಲ್ಲಿ ಎರಡು ತಿಂಗಳಿಂದ ನಿಂತಿದ್ದ ಆ ಕಾರು ತೀರಿಹೋದ ಮಾವನವರದು. ಸಂಜೆಯೊಳಗೆ ಓಡದಿದ್ದರೆ ಗುಜರಿಗೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದ ಅತ್ತೆ ಆಗ ಅಳಿಯನಾದ ನನ್ನತ್ತ ನೋಡಿ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಬಾಯಿ ಬಿಟ್ಟರು.

"ಏನ್ ಮಾಪ್ಳೆ, ಬೋಲ್ಟ್ ಜೊತೆ ಕುಸ್ತಿನಾ? ಬಿಚ್ಚೋಕೆ ಮುಂಚೆ ಒಂಚೂರು ಟೈಟ್ ಮಾಡಿ. ತುಕ್ಕು ಒಡೀಲಿ, ಅಪ್ಪುರಂ ತಾನಾಗೇ ಬರತ್ತೆ."

ಅಂಟಿಕೊಂಡಿರುವುದನ್ನು ಇನ್ನಷ್ಟು ಬಿಗಿಯುವುದೇ? ನಾನು ಅನುಮಾನಿಸಿದ್ದು ಕಂಡು ಅವರೇ ಎದ್ದು ಬಂದರು. ಸೆರಗು ಸಿಕ್ಕಿಸಿ, ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನಾಲ್ಕು ಏಟು ಹಾಕಿ, ಸ್ಪ್ಯಾನರನ್ನು ಬಿಗಿಯುವ ಕಡೆಗೆ ಒತ್ತಿದರು. ಟಕ್ ಎಂದಿತು. ಕೂಡಲೇ ಹಿಂದಕ್ಕೆಳೆದರು. ಬೋಲ್ಟ್ ತಿರುಗಿತು!

"ಪ್ಯಾರೀಸ್ ಕಾರ್ನರ್ ಪೇಟೇಲಿ ನಮ್ಮಪ್ಪಂದು ಬೋಲ್ಟ್ ಅಂಗಡಿ. ಮದುವೆ ಆಗೋವರೆಗೂ ನಾನು ಅಲ್ಲೇ ಕೂರ್ತಿದ್ದೆ. ಬೆಳಗಿಂದ ಒಬ್ರಾದ್ರೂ ನನ್ನ ಕೇಳಿದ್ರಾ?" ಎಂದು ಸ್ಪ್ಯಾನರನ್ನು ನನ್ನ ಕೈಗಿಟ್ಟರು.

ಸಂಜೆ ಗುಜರಿಯವನು ಬಂದಾಗ ಗೇಟಿನೊಳಗೆ ಕಾರಿರಲಿಲ್ಲ. ಹೊಸ ಬೆಲ್ಟ್, ಹೊಸ ಬೋಲ್ಟ್ ಹಾಕಿಕೊಂಡು ಅದು ಬೀಚ್ ಕಡೆ ಹೊರಟಿತ್ತು. ಹನ್ನೊಂದು ವರ್ಷದಿಂದ ಅವರ ಅಳಿಯನಾಗಿರುವ ನಾನು ಅಂದು ಮೊದಲ ಬಾರಿ ಅವರನ್ನು ಅಂಗಡಿಯ ಕಥೆ ಕೇಳಿದೆ. ಮುಂದಿನ ಸೀಟಿನಲ್ಲಿ ಕೂತು, ತುಕ್ಕು ಹಿಡಿದ ಹಳೆಯ ಬೋಲ್ಟನ್ನು ಅಂಗೈಯಲ್ಲಿ ಉರುಳಿಸುತ್ತಾ, ಅವರು ದಾರಿಯುದ್ದಕ್ಕೂ ಹೇಳಿದರು.